ಕಲ್ಪಿತ ಭಾಷೆಗೂ ಉಂಟು ಕಟ್ಟಳೆ

ಕಥೆಗಾರನೊಬ್ಬನು ಎಲ್ಲಿಯೂ ಇಲ್ಲದ ಒಂದು ದೇಶವನ್ನು ಕಲ್ಪಿಸುತ್ತಾನೆ. ಅಲ್ಲಿನ ಬೆಟ್ಟಕ್ಕೊಂದು ಹೆಸರು ಬೇಕು, ಹೊಳೆಗೊಂದು ಹೆಸರು ಬೇಕು, ಅರಸನಿಗೊಂದು ಹೆಸರು ಬೇಕು. ಬಾಯಿಗೆ ಬಂದ ನಾಲ್ಕು ಅಕ್ಷರಗಳನ್ನು ಜೋಡಿಸಿದರೆ ಹೆಸರಾಯಿತಲ್ಲವೆ? ಬಹುಮಂದಿ ಕಥೆಗಾರರು ಮಾಡುವುದು ಇಷ್ಟನ್ನೇ; ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂಗ್ಲಿಷ್ ಲೇಖಕ ಜೆ. ಆರ್. ಆರ್. ಟೋಲ್ಕೀನನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಎಂಬ ಬೃಹತ್ಕಥೆಯೊಡನೆ ಅಚ್ಚಾಗಿರುವ ಭೂಪಟವನ್ನು ನೋಡಿದವರಿಗೆ ಒಂದು ವಿಶೇಷವು ಗೋಚರಿಸುತ್ತದೆ. ಗೊಂದೋರ್, ಮೊರ್ದೋರ್, ಎರಿಯಾದೋರ್ ಎಂಬ ಮೂರು ನಾಡುಗಳ ಹೆಸರುಗಳೂ ‘ದೋರ್’ ಎಂದೇ ಮುಗಿಯುತ್ತವೆ. ಅಂದುಯಿನ್ ಎಂಬುದು ಅಲ್ಲಿನ ಮಹಾನದಿ. ಆ ನದಿಯ ನಡುವೆ ಕೈರ್ ಅಂದ್ರೋಸ್ ಎಂಬ ನಡುಗಡ್ಡೆ. ಎರಡರಲ್ಲಿಯೂ ‘ಅಂದ್’ ಎಂಬ ತುಂಡು ಉಂಟು. ನಮ್ಮ ನಾಡಿನ ಪಟದಲ್ಲಿ ಊರು, ಹಳ್ಳಿ, ಕೆರೆ ಎಂಬ ಕೊನೆಗಳು ಮತ್ತೆ ಮತ್ತೆ ಕಾಣುವಂತೆಯೇ ಇದು. ‘ದೋರ್’ ಎಂದರೆ ನಾಡು, ‘ಗೊಂದ್’ ಎಂದರೆ ಕಲ್ಲು, ‘ಮೊರ್’ ಎಂದರೆ ಕಪ್ಪು, ‘ಅಂದ್’ ಎಂದರೆ ನೀಳವಾದದ್ದು. ಗೊಂದೋರ್ ಕಲ್ಲಿನ ನಾಡು. ಮೊರ್ದೋರ್ ಕರಿಯ ನಾಡು. ಅಂದುಯಿನ್ ನೀಳವಾದ ಹೊಳೆ.

ಹೆಸರುಗಳಿಗೆ ಅರ್ಥವಿದ್ದರೆ ಅದೊಂದು ದೊಡ್ಡ ಸಂಗತಿಯಲ್ಲ. ಸೋಜಿಗವಿರುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ‘ದೋರ್’ ಎಂಬ ಮಾತು ‘ದೋರ್’ ಆಗಿಯೇ ಏಕೆ ಇದೆ, ಬೇರೆ ರೂಪದಲ್ಲಿ ಏಕಿಲ್ಲ ಎಂದು ಕೇಳಿದರೆ ಅದಕ್ಕೂ ಈ ಲೇಖಕನಲ್ಲಿ ಉತ್ತರವಿತ್ತು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಭಾಷೆಗಳಲ್ಲಿ ಆಸಕ್ತಿ ಹುಟ್ಟಿದುದು ಈ ಕಾರಣದಿಂದಲೇ. ಕಲ್ಪನೆಯಲ್ಲಿಯೂ ನಿಯಮವಿರಬಹುದೆ? ಇರಬಹುದಾದರೆ ಆ ನಿಯಮದಿಂದ ಪ್ರಯೋಜನವೇನು? ಈ ಲೇಖನದಲ್ಲಿ ನಾವು ವಿಚಾರಮಾಡುವುದು ಇದನ್ನೇ.

ಹಾಲು ಹೇಗೆ ಹಾಲಾಯಿತು?

ಮೊದಲು ನಮಗೆ ಪರಿಚಿತವಾದ ನೆಲದ ಮೇಲೆ ನಿಲ್ಲೋಣ. ಹಳಗನ್ನಡದಲ್ಲಿ ಪಾಲ್, ಪಲ್, ಪುಲಿ, ಪೆಸರ್, ಪತ್ತು ಎಂದಿದ್ದ ಮಾತುಗಳು ಇಂದು ಹಾಲು, ಹಲ್ಲು, ಹುಲಿ, ಹೆಸರು, ಹತ್ತು ಆಗಿವೆ. ತಮಿಳಿನಲ್ಲಿ ಇಂದಿಗೂ ಪಾಲ್, ಪಲ್, ಪುಲಿ, ಪತ್ತು ಎಂಬ ರೂಪಗಳೇ ಉಳಿದಿವೆ. ಸುಮಾರು 10ನೆಯ ಶತಮಾನದಿಂದ ತಲೆದೋರಿ ನಡುಗನ್ನಡದ ಕಾಲಕ್ಕೆ ವ್ಯಾಪಕವಾದ ಈ ಮಾರ್ಪಾಡು ಒಂದೊಂದು ಪದದಲ್ಲಿ ಒಂದೊಂದು ಬಗೆಯಾಗಿ ನಡೆಯಲಿಲ್ಲ. ಪದದ ಮೊದಲಿನ ಪಕಾರವು ಸಾಲುಸಾಲಾಗಿ ಹಕಾರವಾಯಿತು. ಅಪ್ಪ, ತುಪ್ಪ, ಕಪ್ಪು ಎಂಬಲ್ಲಿ ನಡುವೆ ಇರುವ ಇಮ್ಮಡಿ ಪಕಾರವು ಮಾತ್ರ ಅಲುಗಲಿಲ್ಲ. ಹೀಗೆ ಇಂಥ ಧ್ವನಿಯು ಇಂಥ ಸ್ಥಾನದಲ್ಲಿ ಇಂಥ ಕಾಲದಲ್ಲಿ ಹೀಗೆ ಬದಲಾಯಿತು ಎಂದು ಹೇಳಲು ಬರುವುದಾದರೆ ಅದನ್ನು ಧ್ವನಿನಿಯಮವೆನ್ನುತ್ತೇವೆ.

ಹಾಗಾದರೆ ಪತ್ರ, ಪುಸ್ತಕ, ಪುಣ್ಯ ಎಂಬ ಮಾತುಗಳಲ್ಲಿ ಪಕಾರವು ಹೇಗೆ ಉಳಿಯಿತು? ಇವು ಸಂಸ್ಕೃತದಿಂದ ಬಂದವು; ಸಂಸ್ಕೃತದ ಓದುಬರಹ ನಿಲ್ಲದೆ ನಡೆದುದರಿಂದ ಮೂಲರೂಪದ ಹಿಡಿತ ಇವುಗಳ ಮೇಲೆ ತಪ್ಪಲಿಲ್ಲ. ಆದರೆ ಅದೇ ಸಂಸ್ಕೃತದ ‘ಪರ್ವ’ವು ಬಹಳ ಹಿಂದೆಯೇ ‘ಪಬ್ಬ’ವಾಗಿ ಜನರ ಬಾಯಲ್ಲಿ ನೆಲೆಗೊಂಡಿತ್ತು. ನಿಯಮವು ಬಂದಾಗ ಅದನ್ನು ಬಿಡಲಿಲ್ಲ, ‘ಹಬ್ಬ’ವಾಯಿತು. ‘ಪಕ್ಷಿ’ಯಿಂದ ಬಂದ ‘ಪಕ್ಕಿ’ಯೂ ‘ಹಕ್ಕಿ’ಯಾಯಿತು. ಆದುದರಿಂದ ನಿಯಮಕ್ಕೆ ಒಳಗಾಗದ ಮಾತುಗಳು ಕೂಡ ತಮ್ಮ ಚರಿತ್ರೆಯನ್ನು ತಾವೇ ಹೇಳುತ್ತವೆ. ನಿಯಮವೊಂದು ತಿಳಿದರೆ ಅಪವಾದವೂ ಸಾಕ್ಷಿಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಧ್ವನಿನಿಯಮವು ಗುರುತ್ವಾಕರ್ಷಣ ನಿಯಮದಂತೆ ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಅನ್ವಯಿಸುವುದಲ್ಲ. ಅದು ಒಂದು ಜನಸಮುದಾಯದ ಒಂದು ಅವಧಿಯ ಚರಿತ್ರೆ. ಆ ಎಲ್ಲೆಯೊಳಗೆ ಮಾತ್ರ ಅದು ಕಟ್ಟುನಿಟ್ಟಾದುದು.

ಕಥೆಗಿಂತ ಮೊದಲು ಭಾಷೆ

ಟೋಲ್ಕೀನನು ಹುಟ್ಟಿದುದು 1892ರಲ್ಲಿ, ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನ್ ನಗರದಲ್ಲಿ. ಬೆಳೆದುದು ಇಂಗ್ಲೆಂಡಿನಲ್ಲಿ. ಬಾಲ್ಯದಲ್ಲಿ ಕಲ್ಲಿದ್ದಲಿನ ರೈಲು ವ್ಯಾಗನ್ನುಗಳ ಮೇಲೆ ಬರೆದಿದ್ದ ವೆಲ್ಷ್ ಭಾಷೆಯ ಹೆಸರುಗಳು ಅವನ ಮನಸ್ಸನ್ನು ಸೆಳೆದವು. ಆಕ್ಸ್‌ಫರ್ಡಿನ ವಿದ್ಯಾರ್ಥಿದೆಸೆಯಲ್ಲಿ ಫಿನ್ನಿಷ್ ಭಾಷೆಯ ವ್ಯಾಕರಣವೊಂದು ಅವನನ್ನು ಮರುಳುಗೊಳಿಸಿತು. ಒಂದನೆಯ ಮಹಾಯುದ್ಧ ಮುಗಿದ ಮೇಲೆ 1919–20ರಲ್ಲಿ ಅವನು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕಾರ್ಯಾಲಯದಲ್ಲಿ ಸಹಾಯಕನಾಗಿ ಕೆಲಸಮಾಡಿ, ‘ಡಬ್ಲ್ಯು’ ಅಕ್ಷರದಿಂದ ಮೊದಲಾಗುವ ಹಲವು ಪದಗಳ ವ್ಯುತ್ಪತ್ತಿಯನ್ನು ಶೋಧಿಸಿದನು. 1925ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕನಾದನು. ಪದಗಳ ಬೇರನ್ನು ಹುಡುಕುವುದು ಅವನಿಗೆ ವೃತ್ತಿ. ಬೇರಿನಿಂದ ಪದಗಳನ್ನು ಬೆಳೆಸುವುದು ಅವನ ಗುಟ್ಟಿನ ಹವ್ಯಾಸ. ಭಾಷೆಗಳನ್ನು ಮೊದಲು ಕಟ್ಟಿದೆ, ಆ ಭಾಷೆಗಳನ್ನಾಡುವ ಜನಕ್ಕೆ ನೆಲೆಯಾಗಲೆಂದು ಕಥೆಗಳು ಆಮೇಲೆ ಬಂದವು ಎಂಬುದು ಅವನು ತಾನೇ ಕೊಟ್ಟ ವಿವರಣೆ.

ಅವನು ಕಟ್ಟಿದ ಭಾಷೆಗಳು ಹಲವು. ಅವುಗಳಲ್ಲಿ ಪೂರ್ಣವಾಗಿ ಬೆಳೆದವು ಎರಡು: ಕ್ವೆನ್ಯ ಮತ್ತು ಸಿಂದರಿನ್. ಎರಡೂ ‘ಎಲ್ಫ್’ ಎಂಬ, ಮುಪ್ಪುಸಾವುಗಳಿಲ್ಲದ ಜನಾಂಗದ ನುಡಿಗಳು. ಕ್ವೆನ್ಯದ ನಾದಕ್ಕೆ ಫಿನ್ನಿಷ್ ಮುಖ್ಯ ಪ್ರೇರಣೆ, ಜೊತೆಗೆ ಲ್ಯಾಟಿನ್ ಮತ್ತು ಗ್ರೀಕ್. ಸಿಂದರಿನ್ನಿನ ನಾದಕ್ಕೆ ವೆಲ್ಷ್. ಕೇಳುವ ಕಿವಿಗೆ ಇವೆರಡಕ್ಕೂ ಯಾವ ಸಂಬಂಧವೂ ತೋರದು. ಆದರೆ ಕಥೆಯ ಪ್ರಕಾರ ಇವು ಅಕ್ಕತಂಗಿಯರು. ಒಂದೇ ನುಡಿಯನ್ನಾಡುತ್ತಿದ್ದ ಜನರಲ್ಲಿ ಒಂದು ಪಾಲು ಸಮುದ್ರವನ್ನು ದಾಟಿ ಪಶ್ಚಿಮಕ್ಕೆ ಹೋಯಿತು, ಇನ್ನೊಂದು ಪಾಲು ಈಚೆಯಲ್ಲಿಯೇ ಉಳಿಯಿತು. ಬಹುಕಾಲದ ಅಗಲಿಕೆಯಲ್ಲಿ ನುಡಿಯು ಎರಡಾಯಿತು. ಹೀಗೆಂದು ಹೇಳಿ ಸುಮ್ಮನಿರುವುದು ಸುಲಭ. ಟೋಲ್ಕೀನನು ಸುಮ್ಮನಿರಲಿಲ್ಲ, ಆ ಮೂಲಭಾಷೆಯ ಧಾತುಗಳನ್ನು ಪಟ್ಟಿಮಾಡಿದನು, ಎರಡು ಮಕ್ಕಳಿಗೂ ಬೇರೆಬೇರೆ ಧ್ವನಿನಿಯಮಗಳನ್ನು ವಿಧಿಸಿದನು. 1930ರ ದಶಕದಲ್ಲಿ ಅವನು ಸಿದ್ಧಪಡಿಸಿದ ಧಾತುಕೋಶವು 1987ರಲ್ಲಿ ಅವನ ಮಗ ಕ್ರಿಸ್ಟೊಫರನ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಅದರಲ್ಲಿ ಮೊದಲು ಧಾತು, ಅದರ ಕೆಳಗೆ ಅದರಿಂದ ಒಡೆದ ವಿವಿಧ ಭಾಷೆಗಳ ಪದಗಳು. ನಿಜವಾದ ಭಾಷಾಕುಟುಂಬವೊಂದರ ವ್ಯುತ್ಪತ್ತಿಕೋಶವನ್ನು ರಚಿಸುವ ಬಗೆಯೂ ಇದೇ.

ಒಂದು ಬೇರು, ಎರಡು ಟಿಸಿಲು

ಈಗ ಕೆಲವು ಪದಗಳನ್ನೇ ಪರೀಕ್ಷಿಸೋಣ. ಓದುವಾಗ ಗಮನಿಸಬೇಕಾದುದು ಇಷ್ಟು: ಇಲ್ಲಿ ‘ಥ್’ ಎಂದು ಬರೆದಿರುವುದು ಇಂಗ್ಲಿಷಿನ ‘ಥಿಂಕ್’ ಎಂಬ ಮಾತಿನ ಮೊದಲ ಧ್ವನಿ, ‘ಧ್’ ಎಂದು ಬರೆದಿರುವುದು ‘ದಿಸ್’ ಎಂಬ ಮಾತಿನ ಮೊದಲ ಧ್ವನಿ, ‘ಫ್’ ಎಂಬುದು ಇಂಗ್ಲಿಷಿನ ಎಫ್.

ಮಾತು: ಕ್ವೆನ್ಯದಲ್ಲಿ ಕ್ವೆತ್ತ, ಸಿಂದರಿನ್ನಿನಲ್ಲಿ ಪೆಥ್.
ಹಂಸ: ಕ್ವೆನ್ಯದಲ್ಲಿ ಅಲ್ಕ್ವ, ಸಿಂದರಿನ್ನಿನಲ್ಲಿ ಅಲ್ಫ್.
ಕಲ್ಲು: ಕ್ವೆನ್ಯದಲ್ಲಿ ಒಂದೊ, ಸಿಂದರಿನ್ನಿನಲ್ಲಿ ಗೊಂದ್.
ಮರ: ಕ್ವೆನ್ಯದಲ್ಲಿ ಅಲ್ದ, ಸಿಂದರಿನ್ನಿನಲ್ಲಿ ಗಲಧ್.
ನಾಡು: ಕ್ವೆನ್ಯದಲ್ಲಿ ನೋರೆ, ಸಿಂದರಿನ್ನಿನಲ್ಲಿ ದೋರ್.
ಮನೆ: ಕ್ವೆನ್ಯದಲ್ಲಿ ಮರ್, ಸಿಂದರಿನ್ನಿನಲ್ಲಿ ಬರ್.

ಮೊದಲ ಎರಡು ಜೊತೆಗಳಲ್ಲಿ ಮೂಲದ ‘ಕ್ವ್’ ಎಂಬ ಧ್ವನಿ ಕ್ವೆನ್ಯದಲ್ಲಿ ಉಳಿಯಿತು, ಸಿಂದರಿನ್ನಿನಲ್ಲಿ ಪಕಾರವಾಯಿತು. ಹಂಸದ ವಿಷಯದಲ್ಲಿ ಎರಡು ನಿಯಮಗಳು ಒಂದರ ಹಿಂದೊಂದು ನಡೆದಿವೆ: ಮೊದಲು ಕ್ವಕಾರವು ಪಕಾರವಾಯಿತು, ಅನಂತರ ಲಕಾರದ ಮುಂದಿನ ಪಕಾರವು ಫಕಾರವಾಯಿತು.

ಈ ‘ಕ್ವ್–ಪ್’ ನಿಯಮವು ಟೋಲ್ಕೀನನ ಸ್ವಂತ ಕಲ್ಪನೆಯಲ್ಲ. ನಾಲ್ಕು ಎಂಬ ಅರ್ಥದಲ್ಲಿ ಲ್ಯಾಟಿನ್ನಿನಲ್ಲಿ ‘ಕ್ವಾತ್ತುವೊರ್’ ಎಂದರೆ ವೆಲ್ಷ್‌ನಲ್ಲಿ ‘ಪೆದ್ವಾರ್’. ನಮ್ಮ ‘ಚತುರ್’ ಕೂಡ ಇವುಗಳ ಜ್ಞಾತಿಯೇ. ಐದಕ್ಕೆ ಲ್ಯಾಟಿನ್ನಿನಲ್ಲಿ ‘ಕ್ವಿಂಕ್ವೆ’, ವೆಲ್ಷ್‌ನಲ್ಲಿ ‘ಪಿಂಪ್’ ಎಂಬ ಉಚ್ಚಾರಣೆ. ವೆಲ್ಷ್ ಭಾಷೆಯು ನಿಜವಾಗಿ ನಡೆದುಬಂದ ದಾರಿಯಲ್ಲೇ ಸಿಂದರಿನ್ನನ್ನೂ ನಡೆಸಲಾಗಿದೆ. ಈ ಜೊತೆಗಳಲ್ಲಿ ಟೋಲ್ಕೀನನು ವೆಲ್ಷ್‌ನಿಂದ ಪದವನ್ನು ಎರವಲು ತರಲಿಲ್ಲ. ನಿಯಮವನ್ನು ಎರವಲು ತಂದನು. ಸಿಂದರಿನ್ನನ್ನು ಕೇಳಿದವರಿಗೆ ವೆಲ್ಷ್‌ನ ನೆನಪಾಗುವುದರ ಒಂದು ಗುಟ್ಟು ಇಲ್ಲಿದೆ.

ಮೂರನೆಯ ಮತ್ತು ನಾಲ್ಕನೆಯ ಜೊತೆಗಳಲ್ಲಿ ಮೂಲದ ಆದಿಗಕಾರವು ಸಿಂದರಿನ್ನಿನಲ್ಲಿ ಉಳಿದು ಕ್ವೆನ್ಯದಲ್ಲಿ ಬಿದ್ದುಹೋಗಿದೆ. ಇಡೀ ವ್ಯಂಜನವೊಂದು ಬಿದ್ದುಹೋಗುವುದುಂಟೆ ಎಂದು ಸಂಶಯಪಡಬೇಕಾಗಿಲ್ಲ. ಹಳೆಯ ಮೈಸೂರು ಪ್ರಾಂತದ ಹಳ್ಳಿಗಳಲ್ಲಿ ‘ಹಾಲು’ ಎಂಬುದನ್ನು ‘ಆಲು’ ಎನ್ನುವವರುಂಟು. ಪಾಲ್, ಹಾಲು, ಆಲು ಎಂಬ ಮೂರು ಮೆಟ್ಟಿಲುಗಳಲ್ಲಿ ವ್ಯಂಜನವು ಸಡಿಲವಾಗಿ ಕೊನೆಗೆ ಮಾಯವಾದುದನ್ನು ನಮ್ಮ ಕಿವಿಯಾರ ಕೇಳಬಹುದು. ಮರದ ವಿಷಯದಲ್ಲಿ ಇನ್ನೊಂದು ಅಂಶವುಂಟು. ಅದರ ಮೂಲರೂಪ ‘*ಗಲದಾ’. ಹಿಂದೆ ಹಾಕಿರುವ ನಕ್ಷತ್ರದ ಗುರುತು, ಈ ರೂಪವು ಎಲ್ಲಿಯೂ ದೊರೆತದ್ದಲ್ಲ, ಊಹಿಸಿ ಪಡೆದದ್ದು ಎಂಬುದರ ಸೂಚನೆ. ಕ್ವೆನ್ಯದಲ್ಲಿ ನಡುವಿನ ಸ್ವರ ಅಡಗಿ ‘ಗಲ್ದ’ವಾಗಿ, ಗಕಾರ ಬಿದ್ದು ‘ಅಲ್ದ’ವಾಯಿತು. ಸಿಂದರಿನ್ನಿನಲ್ಲಿ ಕೊನೆಯ ಸ್ವರ ಬಿದ್ದು, ದಕಾರವು ಮೆತ್ತಗಾಗಿ ‘ಗಲಧ್’ ಆಯಿತು.

ಕೊನೆಯ ಎರಡು ಜೊತೆಗಳು ಕನ್ನಡದ ವರ್ಣಮಾಲೆಯನ್ನು ಬಲ್ಲವರಿಗೆ ಬಹಳ ಸುಲಭ. ನಾಡಿನ ಧಾತು ‘ನ್ದ್’ ಎಂದು ಮೊದಲಾಗುತ್ತಿತ್ತು. ಮನೆಯ ಧಾತು ‘ಮ್ಬ್’ ಎಂದು. ಅನುನಾಸಿಕವೂ ಅದೇ ವರ್ಗದ ಮೂರನೆಯ ಅಕ್ಷರವೂ ಕೂಡಿದ ಈ ಜೋಡಿಗಳಲ್ಲಿ ಕ್ವೆನ್ಯವು ಅನುನಾಸಿಕವನ್ನು ಉಳಿಸಿಕೊಂಡಿತು, ಸಿಂದರಿನ್ ಎರಡನೆಯದನ್ನು ಉಳಿಸಿಕೊಂಡಿತು. ಆದುದರಿಂದಲೇ ಪಶ್ಚಿಮದ ದೇವತೆಗಳ ನಾಡು ವಲಿನೋರ್, ಈಚೆಯ ಕಲ್ಲಿನ ನಾಡು ಗೊಂದೋರ್. ‘ನೋರ್’ ಮತ್ತು ‘ದೋರ್’ ಎರಡೂ ಒಂದೇ ಮಾತು.

ನಾವೇ ಒಂದು ಪರೀಕ್ಷೆ ಮಾಡೋಣ

ನಿಯಮವೆಂಬುದು ಕಂಡದ್ದನ್ನು ವಿವರಿಸಿದರೆ ಸಾಲದು; ಕಾಣದ್ದನ್ನು ಮುಂದಾಗಿ ಹೇಳಬೇಕು. ನೆಪ್ಚೂನ್ ಗ್ರಹವನ್ನು 1846ರಲ್ಲಿ ದೂರದರ್ಶಕದಿಂದ ಕಾಣುವ ಮೊದಲೇ ಲವೆರ್ಯೆ ಎಂಬ ಫ್ರೆಂಚ್ ಗಣಿತಜ್ಞನು ಅದರ ಸ್ಥಾನವನ್ನು ಲೆಕ್ಕಹಾಕಿದ್ದನಷ್ಟೆ. ಭಾಷಾವಿಜ್ಞಾನದಲ್ಲಿಯೂ ಇಂಥ ಪ್ರಸಂಗವೊಂದುಂಟು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದವುಗಳ ಮೂಲಭಾಷೆಯಲ್ಲಿ, ಆಗ ತಿಳಿದಿದ್ದ ಯಾವ ಭಾಷೆಯಲ್ಲಿಯೂ ನೇರವಾಗಿ ಉಳಿಯದ ಕೆಲವು ಧ್ವನಿಗಳು ಇದ್ದಿರಬೇಕೆಂದು ಸೊಸ್ಯೂರ್ ಎಂಬ ತರುಣ ವಿದ್ವಾಂಸನು 1879ರ ತನ್ನ ಗ್ರಂಥದಲ್ಲಿ ತರ್ಕಿಸಿದನು. ಅನಂತರ ಮಣ್ಣಿನ ಹಲಗೆಗಳಿಂದ ಓದಲಾದ ಪ್ರಾಚೀನ ಹಿಟೈಟ್ ಭಾಷೆಯಲ್ಲಿ, ಅವನು ಸೂಚಿಸಿದ ಸ್ಥಾನಗಳಲ್ಲೇ ಒಂದು ವ್ಯಂಜನವಿರುವುದನ್ನು 1927ರಲ್ಲಿ ಪೋಲೆಂಡಿನ ಕುರಿವೋವಿಚ್ ತೋರಿಸಿಕೊಟ್ಟನು.

ಈ ಧೈರ್ಯದಿಂದ ನಾವೂ ಒಂದು ಲೆಕ್ಕ ಮಾಡೋಣ. ಮೂಲಭಾಷೆಯಲ್ಲಿ ಜ್ಞಾನಿ ಎಂಬ ಅರ್ಥದ ಒಂದು ಮಾತು ‘*ಙ್ಗೊಲೊದೊ’ ಎಂದಿತ್ತು. ಕ್ವೆನ್ಯದಲ್ಲಿ ಅದು ಏನಾಗಬೇಕು? ಮುಂದಿನ ಸಾಲನ್ನು ಓದುವ ಮೊದಲು ವಿದ್ಯಾರ್ಥಿಗಳು ತಾವೇ ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು.

ಆದಿಯಲ್ಲಿ ಅನುನಾಸಿಕ ಉಳಿಯಬೇಕು: ಙಕಾರ. ನಡುವಿನ ಸ್ವರ ಅಡಗಬೇಕು: ‘ಙೊಲ್ದೊ’. ಸಿಂದರಿನ್ನಿನಲ್ಲಾದರೋ ಗಕಾರ ಉಳಿಯಬೇಕು, ಕೊನೆಯ ಸ್ವರ ಬೀಳಬೇಕು, ದಕಾರ ಮೆತ್ತಗಾಗಬೇಕು: ‘ಗೊಲೊಧ್’. ಟೋಲ್ಕೀನನ ಬರಹಗಳಲ್ಲಿ ಇರುವ ರೂಪಗಳೂ ಇವೇ. ಕಾಲಾಂತರದಲ್ಲಿ ಆದಿಙಕಾರವು ನಕಾರವಾಗಿ ‘ನೊಲ್ದೊ’ ಆಯಿತು; ಅದರ ಬಹುವಚನವೇ ಅವನ ಕಥೆಗಳಲ್ಲಿ ಪ್ರಸಿದ್ಧವಾದ ನೊಲ್ದೊರ್ ಎಂಬ ಕುಲದ ಹೆಸರು. ಕಾಲ್ಪನಿಕ ಭಾಷೆಯೊಂದರ ಪದವನ್ನು, ಅದನ್ನು ಹಿಂದೆಂದೂ ಕೇಳದ ನಾವು ಕನ್ನಡದ ವರ್ಣಮಾಲೆಯ ನೆರವಿನಿಂದ ಲೆಕ್ಕಹಾಕಿ ಪಡೆದೆವು. ಬಾಯಿಗೆ ಬಂದಂತೆ ಜೋಡಿಸಿದ ಪದಗಳಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲ.

ಧಾತುಗಳು ಎಲ್ಲಿಂದ ಬಂದವು?

ನಿಯಮವು ಪದಗಳನ್ನು ಬೆಳೆಸುತ್ತದೆ, ಹುಟ್ಟಿಸುವುದಿಲ್ಲ. ಮೂಲಧಾತುಗಳನ್ನು ಎಲ್ಲಿಂದಲಾದರೂ ತರಲೇಬೇಕು. ಕೆಲವಕ್ಕೆ ಕಥೆಯೊಳಗೇ ಹುಟ್ಟು ಉಂಟು. ಎಲ್ಫ್ ಜನರು ಮೊದಲು ಕಣ್ಣು ತೆರೆದಾಗ ಸೂರ್ಯಚಂದ್ರರಿರಲಿಲ್ಲ, ಕಂಡವು ನಕ್ಷತ್ರಗಳು. ‘ಎಲೆ!’ ಎಂದರೆ ‘ಅದೋ ನೋಡು!’ ಎಂಬ ಅವರ ಮೊದಲ ಉದ್ಗಾರದಿಂದ ನಕ್ಷತ್ರಕ್ಕೆ ‘ಎಲೆನ್’ ಎಂಬ ಮಾತು ಹುಟ್ಟಿತು. ಅವರಿಗೆ ‘ಎಲ್ದರ್’, ನಕ್ಷತ್ರಗಳ ಜನ, ಎಂಬ ಹೆಸರೂ ಬಂದಿತು.

ಇನ್ನು ಕೆಲವು ನಮ್ಮ ಲೋಕದಿಂದಲೇ ಹೋದವು. ಕೆಲ್ಟರು ಬರುವುದಕ್ಕೆ ಮುಂಚೆ ಬ್ರಿಟನ್ನಿನಲ್ಲಿದ್ದ ಜನರ ಭಾಷೆಯಲ್ಲಿ ಉಳಿದಿರಬಹುದಾದ ಒಂದೆರಡು ಮಾತುಗಳಲ್ಲಿ ಕಲ್ಲು ಎಂಬ ಅರ್ಥದ ‘ಒಂದ್’ ಒಂದು ಎಂಬುದನ್ನು ತಾನು ಸುಮಾರು ಎಂಟು ವರ್ಷದವನಾಗಿದ್ದಾಗ ಪುಟ್ಟ ಪುಸ್ತಕವೊಂದರಲ್ಲಿ ಓದಿದ್ದೆನೆಂದು ಟೋಲ್ಕೀನನು 1971ರ ಪತ್ರವೊಂದರಲ್ಲಿ ಬರೆದಿದ್ದಾನೆ. ಆ ‘ಒಂದ್’ ಮನಸ್ಸಿನಲ್ಲಿ ನೆಲೆನಿಂತು ‘ಒಂದೊ’, ‘ಗೊಂದ್’ ಆಗಿ, ಗೊಂದೋರ್ ಎಂಬ ರಾಜ್ಯವೇ ಆಯಿತು. ಹಾಗೆಯೇ ಪ್ರಾಚೀನ ಇಂಗ್ಲಿಷಿನ ಧಾರ್ಮಿಕ ಕಾವ್ಯವೊಂದರಲ್ಲಿ ಉಜ್ಜ್ವಲವಾದ ತಾರೆಯನ್ನು ಕುರಿತ ‘ಎಆರೆಂದೆಲ್’ ಎಂಬ ಮಾತಿನ ನಾದಕ್ಕೆ ಅವನು ಮನಸೋತನು. ಅದನ್ನು ತನ್ನ ಕಥೆಗೆ ತಂದುಕೊಂಡಾಗಲೂ ಹಾಗೆಯೇ ಬಿಡಲಿಲ್ಲ: ಸಮುದ್ರ ಎಂಬ ಅರ್ಥದ ‘ಎಅರ್’, ಪ್ರೀತಿಸುವವನು ಎಂಬ ಅರ್ಥದ ‘ನ್ದಿಲ್’ ಎಂಬ ಎರಡು ಅಂಗಗಳನ್ನು ತನ್ನ ಭಾಷೆಯಲ್ಲಿ ಬೆಳೆಸಿ, ‘ಎಅರೆಂದಿಲ್’ ಎಂಬ ನಾವಿಕವೀರನ ಹೆಸರನ್ನು ನಿಷ್ಪನ್ನಗೊಳಿಸಿದನು. ಹೊರಗಿನಿಂದ ಬಂದ ಅತಿಥಿಗೂ ಮನೆಯ ಕಟ್ಟಳೆ ತಪ್ಪಲಿಲ್ಲ.

ಜನರು ಮಾತಿನ ಮೂಲವನ್ನು ಮರೆತು ಹೊಸ ಅರ್ಥವನ್ನು ಕಟ್ಟುವುದೂ ಭಾಷೆಯ ಸ್ವಭಾವ. ಕ್ವೆನ್ಯದಲ್ಲಿ ‘ಒಂದೊಲಿಂದೆ’, ಅಂದರೆ ನೀರಿನ ಸಂಗೀತದ ಬಂಡೆ, ಎಂದಿದ್ದ ನಗರವು ಸಿಂದರಿನ್ನಿನ ಬಾಯಲ್ಲಿ ‘ಗೊಂದೊಲಿನ್’ ಆಗಿ, ಮರೆಯಾದ ಬಂಡೆ ಎಂಬ ಅರ್ಥವನ್ನು ಪಡೆಯಿತು. ಬೆಂದ ಕಾಳಿನ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟುದರಿಂದ ಬೆಂಗಳೂರಿಗೆ ಆ ಹೆಸರು ಬಂದಿತೆಂದು ಹೇಳುತ್ತಾರೆ. ಆದರೆ ಅವನ ಕಾಲಕ್ಕಿಂತ ಸುಮಾರು 300 ವರ್ಷ ಹಿಂದಿನ ಬೇಗೂರಿನ ವೀರಗಲ್ಲಿನಲ್ಲೇ ಬೆಂಗಳೂರಿನ ಹೆಸರು ಕೆತ್ತಿದೆ.

ಒಂದು ಧ್ವನಿಗಾಗಿ ಒಡೆದ ಮನೆ

ಧ್ವನಿನಿಯಮವು ಬರಿಯ ಬಾಯಿಯ ಚಲನೆಯಲ್ಲ. ಅದರಲ್ಲಿ ಮನುಷ್ಯರ ಮಾನಾಭಿಮಾನಗಳೂ ತೊಡಕಿಕೊಂಡಿರುತ್ತವೆ. 1968ರ ಸುಮಾರಿನಲ್ಲಿ ಬರೆದು 1996ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಟೋಲ್ಕೀನನು ಇದನ್ನು ತೋರಿಸಿದ್ದಾನೆ. ನೊಲ್ದೊರ್ ಕುಲದವರ ಬಾಯಲ್ಲಿ ‘ಥ್’ ಎಂಬ ಧ್ವನಿಯು ಸಕಾರವಾಗತೊಡಗಿತು. ಆ ಕುಲದ ರಾಜಕುಮಾರ ಫೆಅನೋರನ ತಾಯಿ ಮೀರಿಯೆಲಳಿಗೆ ಕಸೂತಿಯ ನೈಪುಣ್ಯದಿಂದ ‘ಥೆರಿಂದೆ’ ಎಂಬ ಬಿರುದು ಬಂದಿತ್ತು. ಮಗನನ್ನು ಹಡೆದು ಬಳಲಿದ ಆಕೆ ಜೀವವನ್ನು ತೊರೆದಳು. ತಂದೆ ಮತ್ತೊಬ್ಬಳನ್ನು ವರಿಸಿದನು. ಈಗ ಸುತ್ತಲಿನವರೆಲ್ಲ ‘ಸೆರಿಂದೆ’ ಎನ್ನತೊಡಗಿದಾಗ ಮಗನಿಗೆ ಅದು ತಾಯಿಯ ಹೆಸರನ್ನೇ ಅಳಿಸಿದಂತೆ ತೋರಿತು. ಅವನೂ ಅವನ ಮಕ್ಕಳೂ ಹಟಹಿಡಿದು ಥಕಾರವನ್ನೇ ಉಳಿಸಿಕೊಂಡರು. ಮಲತಾಯಿಯ ಕಡೆಯವರು ಸಕಾರವನ್ನು ಹಿಡಿದರು. ಒಂದು ಧ್ವನಿಯು ಎರಡು ಪಕ್ಷಗಳ ಗುರುತಾಯಿತು.

ಇದು ಕಥೆಯ ಮಾತು ಮಾತ್ರವಲ್ಲ. ಹಳ್ಳಿಯಿಂದ ಬಂದ ವಿದ್ಯಾರ್ಥಿ ತರಗತಿಯಲ್ಲಿ ‘ಆಲು’ ಎಂದಾಗ ಉಳಿದವರು ನಗುವುದನ್ನು ನಾವು ಕೇಳಿದ್ದೇವೆ. ಆ ಹುಡುಗ ಮರುದಿನದಿಂದ ಬಾಯಿಬಿಡಲು ಅಂಜುವುದನ್ನೂ ಕಂಡಿದ್ದೇವೆ. ನಗುವವರು ಒಂದು ಸಂಗತಿಯನ್ನು ನೆನೆಯಬೇಕು: ‘ಪಾಲ್’ ಎನ್ನುತ್ತಿದ್ದವರ ನಡುವೆ ಮೊದಲು ‘ಹಾಲು’ ಎಂದವನೂ ಇಂಥ ಹುಡುಗನೇ ಆಗಿದ್ದಿರಬೇಕು. ನಾವು ಇಂದು ಶುದ್ಧವೆಂದು ಆಡುವ ರೂಪವು ಹಿಂದಿನವರ ಕಿವಿಗೆ ತಪ್ಪಾಗಿ ಕೇಳಿಸಿದ್ದೀತು. ಬರೆಯುವಾಗ ಒಪ್ಪಿತವಾದ ಶಿಷ್ಟರೂಪವನ್ನು ಬಳಸಬೇಕೆಂಬುದು ಬೇರೆಯ ಮಾತು. ಆದರೆ ‘ಆಲು’ ಎಂಬುದು ಅಜ್ಞಾನದ ಫಲವಲ್ಲ, ನಿಯಮದ ಫಲ.

ಸೋತ ಸಿದ್ಧಾಂತ

ಕೊನೆಯದಾಗಿ ಕೈರ್ ಅಂದ್ರೋಸ್ ನಡುಗಡ್ಡೆಗೆ ಹಿಂದಿರುಗೋಣ. ಟೋಲ್ಕೀನನ ಕಥೆಯಲ್ಲಿ ಎಲ್ರೋಸ್ ಎಂಬ ಅರಸನಿದ್ದಾನೆ. ಅವನ ಹೆಸರಿನ ‘ರೋಸ್’ ಎಂಬ ಅಂಗಕ್ಕೆ ನೊರೆ ಎಂಬ ಅರ್ಥವನ್ನು ಸಾಧಿಸುವುದು ಹೇಗೆ ಎಂಬ ತೊಡಕನ್ನು ಬಿಡಿಸಲು ಟೋಲ್ಕೀನನು ತನ್ನ ಮುಪ್ಪಿನ ದಿನಗಳಲ್ಲಿ ಒಂದು ದೀರ್ಘ ಲೇಖನವನ್ನು ಬರೆದನು. ಈ ಮಾತು ಎಲ್ಫ್ ಭಾಷೆಯದೇ ಅಲ್ಲ, ಬೆಓರ್ ಎಂಬ ಮನುಷ್ಯಕುಲದ ನುಡಿಯಿಂದ ಬಂದುದು ಎಂದು ಸಿದ್ಧಾಂತಮಾಡಿ, ಅದಕ್ಕೆ ತಕ್ಕ ಚರಿತ್ರೆಯನ್ನೂ ಹೆಣೆದನು. ಎಲ್ಲವೂ ಸೊಗಸಾಗಿ ಹೊಂದಿಕೊಂಡಿತು. ಅಷ್ಟರಲ್ಲಿ ಒಂದು ಸಂಗತಿ ಅವನ ಕಣ್ಣಿಗೆ ಬಿದ್ದಿತು. ಅನೇಕ ವರ್ಷಗಳ ಹಿಂದೆಯೇ ಅಚ್ಚಾಗಿದ್ದ ತನ್ನ ಪುಸ್ತಕದಲ್ಲಿ ಕೈರ್ ಅಂದ್ರೋಸ್ ಎಂಬುದಕ್ಕೆ ‘ನೀಳನೊರೆಯ ಹಡಗು’ ಎಂಬ ಅರ್ಥವಿದೆ. ಆ ಹೆಸರು ಸಿಂದರಿನ್ ಭಾಷೆಯದು! ಹಾಗಿದ್ದರೆ ‘ರೋಸ್’ ಸಿಂದರಿನ್ನಿನ ಮಾತೇ ಆಗಿರಬೇಕು. ತನ್ನ ವಾದದ ಬಹುಭಾಗವು ಬಿದ್ದುಹೋಯಿತೆಂದು ಅವನು ಹಸ್ತಪ್ರತಿಯ ಮೇಲೆಯೇ ಬರೆದಿಟ್ಟನು.

ಅವನನ್ನು ತಡೆಯುವವರು ಯಾರಿದ್ದರು? ಭಾಷೆ ಅವನದು, ಅರಸ ಅವನವನು, ನಡುಗಡ್ಡೆಯೂ ಅವನದೇ. ಆದರೂ ಅಚ್ಚಾದ ಒಂದು ಹೆಸರಿನ ಮುಂದೆ ಅವನು ತಲೆಬಾಗಿದನು. ಪ್ರಯೋಗಶಾಲೆಯಲ್ಲಿ ಪಡೆದ ಮಾಪನವು ತಮಗೆ ಪ್ರಿಯವಾದ ಸೂತ್ರಕ್ಕೆ ಒಪ್ಪದೆ ಇದ್ದಾಗ ಅಂಕಿಯನ್ನು ತಿದ್ದುವ ಮನಸ್ಸಾಗುವುದು ಎಲ್ಲ ವಿದ್ಯಾರ್ಥಿಗಳಿಗೂ ಅನುಭವವಿರುವ ಸಂಗತಿ. ಯಾರೂ ನೋಡದ ಕಡೆಯಲ್ಲಿ, ತಾನೇ ಕಟ್ಟಿದ ಲೋಕದಲ್ಲಿ ಕೂಡ ಅಂಕಿಯನ್ನು ತಿದ್ದದ ಈ ಮುದುಕನ ಉದಾಹರಣೆಯನ್ನು ಅವರು ಗಮನದಲ್ಲಿಟ್ಟುಕೊಳ್ಳಬೇಕು.

ಈ ವಿಷಯದಲ್ಲಿ ಆಸಕ್ತಿಯುಳ್ಳವರು ದೂರದ ಭಾಷೆಗಳಿಗೇ ಹೋಗಬೇಕೆಂದಿಲ್ಲ. ಟೋಲ್ಕೀನನ ಆಕ್ಸ್‌ಫರ್ಡಿನಲ್ಲಿಯೇ ಸಂಸ್ಕೃತ ಪ್ರಾಧ್ಯಾಪಕನಾಗಿದ್ದ ಟಿ. ಬರೋ, ಎಂ. ಬಿ. ಎಮೆನೊ ಎಂಬ ವಿದ್ವಾಂಸನೊಡಗೂಡಿ 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶವನ್ನು ಪ್ರಕಟಿಸಿದನು. ಕನ್ನಡ, ತಮಿಳು, ತೆಲುಗು, ತುಳು ಮೊದಲಾದ ಜ್ಞಾತಿಭಾಷೆಗಳ ಪದಗಳು ಅದರಲ್ಲಿ ಒಟ್ಟೊಟ್ಟಿಗೆ ನಿಂತಿವೆ. ಕಾಲೇಜಿನ ಪುಸ್ತಕಭಂಡಾರದಲ್ಲಿ ಅದು ದೊರೆತರೆ ‘ಬ’ಕಾರದಿಂದ ಮೊದಲಾಗುವ ಬೆಳ್ಳಿ, ಬಿಲ್ಲು, ಬಾಯಿ ಎಂಬ ಮೂರು ಕನ್ನಡ ಪದಗಳನ್ನು ತೆಗೆದುಕೊಂಡು ತಮಿಳಿನ ರೂಪಗಳೊಡನೆ ಹೋಲಿಸಿ ನೋಡಿರಿ. ಅಲ್ಲೊಂದು ನಿಯಮವಿದೆ. ಅದು ಯಾವುದೆಂದು ನಾವು ಇಲ್ಲಿ ಹೇಳುವುದಿಲ್ಲ.